ಚುಕ್ಕಿ ಒಳಗೋ, ಹೊರಗೋ?



ಈ ವಾರ ಒಂದು ಚುಕ್ಕಿಯ ಜಗಳ ಬಿಡಿಸಬೇಕಾಗಿದೆ. ಕಡೂರಿನ ಒಂದು ಮನೆಯಿಂದ ಪತ್ರ ಬಂದಿದೆ. ಅರ್ಧ ಪತ್ರ ಅಜ್ಜನ ಅಕ್ಷರದಲ್ಲಿದೆ, ಇನ್ನರ್ಧ ಏಳನೇ ತರಗತಿಯ ಮೊಮ್ಮಗಳ ಅಕ್ಷರದಲ್ಲಿದೆ. ಇಂಗ್ಲಿಷಿನಲ್ಲಿ ಒಬ್ಬರು ಆಡಿದ ಮಾತನ್ನು ಬರೆಯುವಾಗ ಅದರ ಎರಡೂ ಕಡೆ “ ” ಹೀಗೆ ಗುರುತು ಹಾಕುತ್ತೇವಲ್ಲ, ಅದೇ ಜಗಳದ ಮೂಲ. ಕನ್ನಡ ವ್ಯಾಕರಣದಲ್ಲಿ ಅದಕ್ಕೆ ಉದ್ಧರಣ ಚಿಹ್ನೆ ಎಂದು ಹೆಸರು. ಶಾಲೆಯಲ್ಲಿ ಇನ್ವರ್ಟೆಡ್ ಕಾಮಾ ಅನ್ನುತ್ತಾರೆ, ಕೋಟ್ಸ್ ಎಂದೂ ಅನ್ನುತ್ತಾರೆ.

ಮೊಮ್ಮಗಳು ಎರಡು ವಾಕ್ಯ ಬರೆದಿದ್ದಳು. ಮೊದಲನೆಯದರಲ್ಲಿ ಕೊನೆಯ ಚುಕ್ಕಿಯನ್ನು, ಅಂದರೆ ಪೂರ್ಣವಿರಾಮವನ್ನು, ಗುರುತಿನ ಹೊರಗೆ ಇಟ್ಟಳು. ಮಿಸ್ಸು ಕೆಂಪು ಇಂಕಿನಲ್ಲಿ ಅದನ್ನು ಒಳಗೆ ಹಾಕಿದರು. ಸರಿ, ಚುಕ್ಕಿ ಯಾವಾಗಲೂ ಒಳಗೆ ಎಂದುಕೊಂಡು ಎರಡನೆಯದರಲ್ಲಿ ಒಳಗೆ ಇಟ್ಟಳು. ಮನೆಯಲ್ಲಿ ನೋಡಿದ ಅಜ್ಜ ಅದನ್ನು ಹೊರಗೆ ಎಳೆದರು. ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ. “ಅಜ್ಜ ಸರಿಯೋ, ಮಿಸ್ಸು ಸರಿಯೋ, ಮೊಬೈಲು ಸರಿಯೋ ಹೇಳಿ” ಎಂದು ಅವಳ ಪ್ರಶ್ನೆ.

ತೀರ್ಪು ಕೊಡುವ ಮೊದಲು ಒಂದು ಮಾತು. ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಇಂಗ್ಲಿಷ್ ಓದಲು ಬಾರದ ಅಜ್ಜಿಯೂ ನಮ್ಮ ಜೊತೆ ಇರಲಿ ಎಂದು. ಮಕ್ಕಳು ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋಗಿ.

ಈ ಗುರುತು ಯಾಕೆ ಬೇಕು?

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನಗೆ ಗೊತ್ತಿರುವುದು ಬ್ಯಾಂಕಿನ ದಾರಿ, ಆ ದಾರಿಯಲ್ಲೇ ಹೇಳುತ್ತೇನೆ. ಕ್ಯಾಷ್ ಕೌಂಟರಿನಲ್ಲಿ ಕೂತವನ ಕೈಯಲ್ಲಿ ದಿನವೂ ರಾಶಿ ದುಡ್ಡು ಓಡಾಡುತ್ತದೆ. ಅದರಲ್ಲಿ ಒಂದು ರೂಪಾಯಿಯೂ ಅವನದಲ್ಲ. ಅವನ ಜೇಬಿನಲ್ಲಿ ಬಸ್ ಚಾರ್ಜಿಗೆ ಇಟ್ಟುಕೊಂಡ ಹತ್ತು ರೂಪಾಯಿ ಮಾತ್ರ ಅವನದು. ಡ್ರಾಯರಿನ ದುಡ್ಡು ಜೇಬಿಗೆ ಬರಬಾರದು, ಜೇಬಿನ ದುಡ್ಡು ಡ್ರಾಯರಿಗೆ ಹೋಗಬಾರದು. ಹೋದರೆ ಸಂಜೆ ಲೆಕ್ಕ ತಾಳೆಯಾಗುವುದಿಲ್ಲ.

ಇನ್ನೊಬ್ಬರ ಮಾತೂ ಹೀಗೆಯೇ ಒಂದು ಠೇವಣಿ. ನಾವು ಬರೆಯುವ ಕಾಗದದಲ್ಲಿ ನಮ್ಮ ಮಾತು ಇರುತ್ತದೆ, ಇನ್ನೊಬ್ಬರ ಮಾತೂ ಇರುತ್ತದೆ. ಎರಡು ಗುರುತಿನ ನಡುವೆ ಇರುವುದು ಅವರದು, ಹೊರಗೆ ಇರುವುದು ನಮ್ಮದು. ಒಳಗಿನದಕ್ಕೆ ಒಂದು ಅಕ್ಷರ ಸೇರಿಸುವಂತಿಲ್ಲ, ಒಂದು ಅಕ್ಷರ ತೆಗೆಯುವಂತಿಲ್ಲ. ಉದ್ಧರಣ ಚಿಹ್ನೆಯ ಪಾಠವೆಲ್ಲ ಇಷ್ಟೇ. ಕಾಮಾ, ಚುಕ್ಕಿ, ಪ್ರಶ್ನೆ ಗುರುತು ಎಲ್ಲಿ ಕೂರಬೇಕು ಎಂಬ ನಿಯಮಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಇಂಗ್ಲಿಷಿಗೂ ಈ ಗುರುತು ಹುಟ್ಟಿನಿಂದ ಬಂದದ್ದಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾ ಪಟ್ಟಣದ ಗ್ರೀಕ್ ಪಂಡಿತರು ಗಮನಿಸಬೇಕಾದ ಸಾಲಿನ ಪಕ್ಕದಲ್ಲಿ, ಅಂಚಿನ ಜಾಗದಲ್ಲಿ, ಬಾಣದ ಮೊನೆಯಂಥ ಒಂದು ಗೀಟು ಹಾಕುತ್ತಿದ್ದರು. ಅಂಚಿನಲ್ಲಿದ್ದ ಗುರುತು ಕಾಲಕ್ರಮದಲ್ಲಿ ಸಾಲಿನೊಳಗೆ ಬಂತು. 18ನೇ ಶತಮಾನದಲ್ಲಿ ಇಂಗ್ಲಿಷ್ ಕಾದಂಬರಿಗಳು ಅಚ್ಚಾಗತೊಡಗಿದಾಗ ಪಾತ್ರಗಳ ಮಾತಿಗೆ ಅದನ್ನು ಹಾಕುವುದು ರೂಢಿಯಾಯಿತು. ಬೇರೆ ದೇಶದವರು ಬೇರೆ ಬೇರೆ ಆಕಾರ ಮಾಡಿಕೊಂಡರು. ಫ್ರೆಂಚರದು « » ಹೀಗಿರುತ್ತದೆ. ಜಪಾನಿನವರದು 「 」 ಹೀಗೆ, ಬಾಗಿಲ ಮೂಲೆಯಂತೆ. ಜರ್ಮನರು ಶುರುವಿನ ಗುರುತನ್ನು ಕೆಳಗೆ ಇಟ್ಟು ಕೊನೆಯದನ್ನು ಮೇಲೆ ಇಡುತ್ತಾರೆ. ಆಕಾರ ಯಾವುದಾದರೂ ಇರಲಿ, ಕೆಲಸ ಒಂದೇ.

ನಮ್ಮ ಹಿರಿಯರು ಏನು ಮಾಡುತ್ತಿದ್ದರು?

ತರೀಕೆರೆಯ ಮಕ್ಕಳು ಅಮೃತಾಪುರದ ಅಮೃತೇಶ್ವರ ದೇವಸ್ಥಾನಕ್ಕೆ ಹೋಗಿಯೇ ಇರುತ್ತೀರಿ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ್ದು. ಅಲ್ಲಿ ಒಂದು ದೊಡ್ಡ ಶಾಸನದ ಕಲ್ಲು ಇದೆ. ಅದರ ಪದ್ಯಗಳನ್ನು ಬರೆದವನು ಜನ್ನ. ಮುಂದೆ 1209ರಲ್ಲಿ ‘ಯಶೋಧರ ಚರಿತೆ’ ಬರೆದ, ಕವಿಚಕ್ರವರ್ತಿ ಎನಿಸಿಕೊಂಡ ಅದೇ ಜನ್ನ. ಲೂಯಿ ರೈಸ್ ಸಾಹೇಬರು 1901ರಲ್ಲಿ ನಮ್ಮ ಸೀಮೆಯ ಶಾಸನಗಳನ್ನೆಲ್ಲ ಸೇರಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟ ಅಚ್ಚು ಹಾಕಿಸಿದರು. ಆಗ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಹಾಗಾಗಿ ಆ ಪುಸ್ತಕವೂ ಕಡೂರು ಜಿಲ್ಲೆಯ ಶಾಸನಗಳದ್ದೇ.

ಇನ್ನೊಮ್ಮೆ ಹೋದಾಗ ಆ ಕಲ್ಲಿನ ಮುಂದೆ ನಿಂತು ನೋಡಿ. ಹಳೆಯ ಶಾಸನಗಳಲ್ಲಿ ಪದ ಪದದ ನಡುವೆ ಜಾಗವನ್ನೇ ಬಿಡುತ್ತಿರಲಿಲ್ಲ. ಪದ್ಯ ಮುಗಿದ ಕಡೆ ನಿಲ್ಲಿಸಲು ಒಂದೋ ಎರಡೋ ಗೆರೆ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಮಾ ಇಲ್ಲ, ಪ್ರಶ್ನೆ ಗುರುತಿಲ್ಲ, ಕೋಟ್ಸ್ ಅಂತೂ ಇಲ್ಲವೇ ಇಲ್ಲ.

ಹಾಗಾದರೆ ಯಾರ ಮಾತು ಯಾರದು ಎಂದು ತಿಳಿಯುತ್ತಿದ್ದದ್ದು ಹೇಗೆ? ಕನ್ನಡಕ್ಕೆ ಆ ಕೆಲಸ ಮಾಡಲು ಒಂದು ಪದವೇ ಇದೆ. ‘ಎಂದು’. ಮಾತಿನಲ್ಲಿ ನಾವು ‘ಅಂತ’ ಅನ್ನುತ್ತೇವೆ. “ನಾಳೆ ಬರ್ತೀನಿ ಅಂತ ಹೇಳಿದ.” ಇಲ್ಲಿ ‘ಅಂತ’ ಬಂದ ಕೂಡಲೇ ಕೇಳುವವನಿಗೆ ಗೊತ್ತಾಗುತ್ತದೆ, ಇಲ್ಲಿಗೆ ಅವನ ಮಾತು ಮುಗಿಯಿತು, ಇನ್ನು ಹೇಳುವವನ ಮಾತು ಎಂದು. ಕಿವಿಗೆ ಕೇಳುವ ಉದ್ಧರಣ ಚಿಹ್ನೆ ಅದು. ಇನ್ನೂ ಒಂದು ಇದೆ, ‘ಅಂತೆ’. “ಅಜ್ಜಂಪುರದಲ್ಲಿ ಮಳೆಯಂತೆ” ಎಂದರೆ ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದನ್ನು ಹೇಳುತ್ತಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಕೊಂಡ ಹಾಗೆ. ಇಂಗ್ಲಿಷಿನವರು ಇಷ್ಟನ್ನು ಹೇಳಲು ಮೂರು ನಾಲ್ಕು ಪದ ಖರ್ಚು ಮಾಡಬೇಕು.

ಅಚ್ಚಿನ ಮೊಳೆ ಬಂದ ಮೇಲೆ, 19ನೇ ಶತಮಾನದಲ್ಲಿ, ಕಾಮಾ, ಫುಲ್‌ಸ್ಟಾಪು, ಕೋಟ್ಸು ಎಲ್ಲ ಕನ್ನಡಕ್ಕೂ ಬಂದವು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಕಾಲ ಅದು. ಗುರುತುಗಳು ಬಂದರೂ ‘ಎಂದು’ ಹೋಗಲಿಲ್ಲ. ಅದಕ್ಕೇ ನಾವು ಇವತ್ತು ಕೋಟ್ಸನ್ನೂ ಹಾಕುತ್ತೇವೆ, ‘ಎಂದು’ ಅಂತಲೂ ಬರೆಯುತ್ತೇವೆ. ಕನ್ನಡದಲ್ಲಿ ಇದು ತಪ್ಪಲ್ಲ. ಇಂಗ್ಲಿಷಿಗೆ ಹೋದಾಗ ಮಾತ್ರ ಇಲ್ಲೇ ನಮ್ಮ ಮಕ್ಕಳ ಕಾಲು ಜಾರುತ್ತದೆ.

ಎರಡು ಬೀಗ ಬೇಡ

“ನನಗೆ ಹಸಿವಾಗಿದೆ” ಎಂದು ರವಿ ಹೇಳಿದ. ಇದನ್ನು ಇಂಗ್ಲಿಷಿಗೆ ತರುವಾಗ ಹತ್ತು ಮಕ್ಕಳಲ್ಲಿ ಕೆಲವರಾದರೂ ಹೀಗೆ ಬರೆಯುತ್ತಾರೆ:

ರವಿ ಸೆಡ್ ದಟ್ “ಐ ಆಮ್ ಹಂಗ್ರಿ.”

ಇದು ತಪ್ಪು. ಇಂಗ್ಲಿಷಿನ ‘ದಟ್’ ನಮ್ಮ ‘ಎಂದು’ವಿನ ಕೆಲಸ ಮಾಡುತ್ತದೆ. ಕೋಟ್ಸೂ ಅದೇ ಕೆಲಸ ಮಾಡುತ್ತದೆ. ಒಂದೇ ಬಾಗಿಲಿಗೆ ಎರಡು ಬೀಗ ಬೇಡ. ಹಾಗಾಗಿ ಒಂದೋ,

ರವಿ ಸೆಡ್, “ಐ ಆಮ್ ಹಂಗ್ರಿ.”

ಇಲ್ಲವೇ,

ರವಿ ಸೆಡ್ ದಟ್ ಹಿ ವಾಸ್ ಹಂಗ್ರಿ.

ಮೊದಲನೆಯದರಲ್ಲಿ ರವಿಯ ಮಾತು ರವಿಯ ಬಾಯಲ್ಲೇ ಇದೆ. ಅದಕ್ಕೆ ‘ಐ’ ಉಳಿಯಿತು. ಎರಡನೆಯದರಲ್ಲಿ ರವಿಯ ಮಾತಿನ ಅರ್ಥವನ್ನು ಮಾತ್ರ ನಾವು ನಮ್ಮ ಬಾಯಲ್ಲಿ ಹೇಳುತ್ತಿದ್ದೇವೆ. ಅದಕ್ಕೆ ‘ಐ’ ಹೋಗಿ ‘ಹಿ’ ಬಂತು, ಕೋಟ್ಸ್ ಹೋಯಿತು. ಡೈರೆಕ್ಟ್ ಸ್ಪೀಚ್, ಇನ್‌ಡೈರೆಕ್ಟ್ ಸ್ಪೀಚ್ ಎಂದು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದರ ಒಳಗುಟ್ಟು ಇದೇ. ದುಡ್ಡನ್ನೇ ತಂದು ಎಣಿಸಿ ತೋರಿಸುವುದು ಒಂದು, ಇಷ್ಟು ದುಡ್ಡಿದೆ ಎಂದು ಪಾಸ್‌ಬುಕ್ಕಿನಲ್ಲಿ ಬರೆದು ತೋರಿಸುವುದು ಇನ್ನೊಂದು.

ಈಗ ಗುರುತುಗಳ ಲೆಕ್ಕ

ಒಂದು. ಹೇಳಿದವರ ಹೆಸರು ಮೊದಲು ಬಂದರೆ, ‘ಸೆಡ್’ ಆದ ಮೇಲೆ ಕಾಮಾ. ಆಮೇಲೆ ಗುರುತು ತೆರೆಯಬೇಕು. ಒಳಗಿನ ಮೊದಲ ಅಕ್ಷರ ದೊಡ್ಡಕ್ಷರ. ಅವರ ವಾಕ್ಯ ಮುಗಿದ ಕಡೆ ಚುಕ್ಕಿ, ಆ ಚುಕ್ಕಿ ಅವರ ವಾಕ್ಯದ್ದು, ಆದ್ದರಿಂದ ಒಳಗೆ.

ಗ್ರ್ಯಾಂಡ್‌ಮದರ್ ಸೆಡ್, “ದಿ ಕಾಫಿ ಈಸ್ ಹಾಟ್.”

ಎರಡು. ಮಾತು ಮೊದಲು ಬಂದು ಹೆಸರು ಆಮೇಲೆ ಬಂದರೆ, ಮಾತಿನ ಕೊನೆಗೆ ಚುಕ್ಕಿ ಬೇಡ, ಕಾಮಾ ಸಾಕು. ಯಾಕೆಂದರೆ ಅಜ್ಜಿಯ ಮಾತು ಮುಗಿದಿದ್ದರೂ ನಮ್ಮ ವಾಕ್ಯ ಮುಗಿದಿಲ್ಲ. ಈ ಕಾಮಾ ಒಳಗೆ ಕೂರುತ್ತದೆ.

“ದಿ ಕಾಫಿ ಈಸ್ ಹಾಟ್,” ಸೆಡ್ ಗ್ರ್ಯಾಂಡ್‌ಮದರ್.

ಅಜ್ಜಿ ಕೇಳಿದ್ದು ಪ್ರಶ್ನೆಯಾದರೆ ಪ್ರಶ್ನೆ ಗುರುತು ಹಾಕಿ. ಅದರ ಜೊತೆ ಮತ್ತೆ ಕಾಮಾ ಹಾಕಬೇಡಿ.

“ಈಸ್ ದಿ ಕಾಫಿ ಹಾಟ್?” ಆಸ್ಕ್‌ಡ್ ಗ್ರ್ಯಾಂಡ್‌ಮದರ್.

ಮೂರು. ಕೆಲವೊಮ್ಮೆ ಮಾತನ್ನು ನಡುವೆ ಮುರಿದು ಹೆಸರು ಹೇಳುತ್ತೇವೆ. ಬೀರೂರು ಜಂಕ್ಷನ್ನಿನ ಪೋರ್ಟರ್ ಹೇಳಿದ ಮಾತು ಎಂದುಕೊಳ್ಳಿ:

“ದಿ ಟ್ರೇನ್,” ಸೆಡ್ ದಿ ಪೋರ್ಟರ್, “ಈಸ್ ಲೇಟ್ ಟುಡೇ.”

ನಾಲ್ಕು ಗುರುತು, ಎರಡು ಕಾಮಾ, ಒಂದು ಚುಕ್ಕಿ. ಎರಡನೇ ತುಂಡು ಹೊಸ ವಾಕ್ಯವಲ್ಲ, ಹಳೆಯದರ ಬಾಲ. ಅದಕ್ಕೆ ಅದು ಸಣ್ಣಕ್ಷರದಿಂದ ಶುರುವಾಗುತ್ತದೆ. ರೈಲಿನ ಎರಡು ಬೋಗಿಯ ನಡುವೆ ಕೊಂಡಿ ಹಾಕಿದ ಹಾಗೆ.

ನಾಲ್ಕು. ಪ್ರಶ್ನೆ ಗುರುತು ಮತ್ತು ಆಶ್ಚರ್ಯದ ಗುರುತು. ಇಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ, ಕೇಳುತ್ತಿರುವವರು ಯಾರು?

ಶಿ ಆಸ್ಕ್‌ಡ್, “ವೇರ್ ಈಸ್ ದಿ ಬಸ್?”

ಬಸ್ ಎಲ್ಲಿ ಎಂದು ಕೇಳಿದವಳು ಅವಳು. ಪ್ರಶ್ನೆ ಅವಳದು, ಗುರುತು ಒಳಗೆ.

ಡಿಡ್ ಶಿ ಸೇ, “ದಿ ಬಸ್ ಹ್ಯಾಸ್ ಗಾನ್”?

ಇಲ್ಲಿ ಅವಳು ಏನನ್ನೂ ಕೇಳಿಲ್ಲ, ಬಸ್ ಹೋಯಿತು ಎಂದಳು. ಹಾಗೆ ಹೇಳಿದಳೇ ಎಂದು ಕೇಳುತ್ತಿರುವವರು ನಾವು. ಪ್ರಶ್ನೆ ನಮ್ಮದು, ಗುರುತು ಹೊರಗೆ. ಈ ನಿಯಮದಲ್ಲಿ ಇಂಗ್ಲೆಂಡಿಗೂ ಅಮೆರಿಕಕ್ಕೂ ವ್ಯತ್ಯಾಸವಿಲ್ಲ.

ಐದು. ಮಾತಿನೊಳಗೆ ಮಾತು. ಅಮ್ಮ ಹೇಳಿದಳು, ಡಾಕ್ಟರ್ ಹೀಗೆ ಹೇಳಿದರು ಎಂದು. ಆಗ ಹೊರಗೆ ಜೋಡಿ ಗುರುತು, ಒಳಗೆ ಒಂಟಿ ಗುರುತು.

ಮದರ್ ಸೆಡ್, “ದಿ ಡಾಕ್ಟರ್ ಟೋಲ್ಡ್ ಮಿ, ‘ಡ್ರಿಂಕ್ ಮೋರ್ ವಾಟರ್.’”

ದೊಡ್ಡ ಡಬ್ಬಿಯೊಳಗೆ ಚಿಕ್ಕ ಡಬ್ಬಿ ಇಟ್ಟ ಹಾಗೆ. ಎರಡನ್ನೂ ಮುಚ್ಚಲು ಮರೆಯಬಾರದು. ಇಂಗ್ಲೆಂಡಿನಲ್ಲಿ ಅಚ್ಚಾದ ಅನೇಕ ಪುಸ್ತಕಗಳಲ್ಲಿ ಇದು ತಿರುಗುಮುರುಗು, ಹೊರಗೆ ಒಂಟಿ, ಒಳಗೆ ಜೋಡಿ. ಲೈಬ್ರರಿಯಲ್ಲಿ ಅಂಥ ಪುಸ್ತಕ ಸಿಕ್ಕರೆ ಗಾಬರಿಯಾಗಬೇಡಿ.

ಆರು. ಇಬ್ಬರು ಮಾತಾಡುತ್ತಿದ್ದರೆ, ಮಾತಾಡುವವರು ಬದಲಾದಾಗಲೆಲ್ಲ ಹೊಸ ಸಾಲಿನಿಂದ ಶುರು ಮಾಡಿ. ಬ್ಯಾಂಕಿನಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಚಲನ್ ಇರುವ ಹಾಗೆ.

ಕಡೂರಿನ ಜಗಳದ ತೀರ್ಪು

ಈಗ ಮೊಮ್ಮಗಳ ಎರಡು ವಾಕ್ಯ ನೋಡೋಣ. ಮೊದಲನೆಯದು ಹೀಗಿತ್ತು:

ಮೈ ಫ್ರೆಂಡ್ ಸೆಡ್, “ಐ ಆಮ್ ಹಂಗ್ರಿ”.

ಇದು ಗೆಳತಿ ಆಡಿದ ಪೂರ್ತಿ ವಾಕ್ಯ. ಚುಕ್ಕಿ ಅವಳ ವಾಕ್ಯದ್ದು. ಒಳಗೆ ಬರಬೇಕು. ಮಿಸ್ಸು ಸರಿ. ಇಂಗ್ಲೆಂಡಿನಲ್ಲೂ ಒಳಗೆ, ಅಮೆರಿಕದಲ್ಲೂ ಒಳಗೆ. ಎರಡನೆಯದು:

ದಿ ಬೋರ್ಡ್ ಸೇಸ್ “ಕ್ಲೋಸ್ಡ್.”

ಬೋರ್ಡಿನ ಮೇಲೆ ಇದ್ದದ್ದು ಒಂದೇ ಪದ. ಅದರ ಮುಂದೆ ಚುಕ್ಕಿ ಇರಲಿಲ್ಲ. ಚುಕ್ಕಿ ನಮ್ಮ ವಾಕ್ಯದ್ದು. ಇಂಗ್ಲೆಂಡಿನ ಕ್ರಮದಂತೆ ಅದು ಹೊರಗೆ ಇರಬೇಕು. ಅಜ್ಜನೂ ಸರಿ. ಅವರು ಶಾಲೆಯಲ್ಲಿ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಓದಿದ್ದಾಗಿ ಪತ್ರದಲ್ಲಿ ಬರೆದಿದ್ದಾರೆ, ನಮ್ಮ ಕಾಲದವರೆಲ್ಲ ಅದೇ ಪುಸ್ತಕದ ಮಕ್ಕಳು.

ಹಾಗಾದರೆ ಮೊಬೈಲು? ಅದೂ ಸರಿ! ಅಮೆರಿಕದಲ್ಲಿ ಚುಕ್ಕಿ ಮತ್ತು ಕಾಮಾ ಯಾರದೇ ಆಗಿರಲಿ, ಗುರುತಿನ ಒಳಗೇ ಇಡುತ್ತಾರೆ. ಅದು ಅಲ್ಲಿನ ಅಚ್ಚುಕೂಟದ ರೂಢಿ. ಕೋಲನ್, ಸೆಮಿಕೋಲನ್ ಮಾತ್ರ ಅಲ್ಲೂ ಹೊರಗೆ. ಇಂಗ್ಲೆಂಡಿನಲ್ಲಿ ಫೌಲರ್ ಎಂಬ ಅಣ್ಣತಮ್ಮಂದಿರು 1906ರಲ್ಲಿ ‘ದಿ ಕಿಂಗ್ಸ್ ಇಂಗ್ಲಿಷ್’ ಎಂಬ ಪುಸ್ತಕ ಬರೆದು, ಗುರುತು ಯಾರ ಮಾತಿಗೆ ಸೇರಿದ್ದೋ ಅಲ್ಲೇ ಇರಬೇಕು, ಅಂದಕ್ಕಾಗಿ ಒಳಗೆ ತಳ್ಳಬಾರದು ಎಂದು ವಾದಿಸಿದರು. ಮೊಬೈಲಿನಲ್ಲಿ ಎರಡೂ ದೇಶದ ಬರಹ ಒಟ್ಟಿಗೆ ಬರುತ್ತದೆ. ಅದಕ್ಕೇ ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ.

ನನ್ನನ್ನು ಕೇಳಿದರೆ ನಾನು ಕಡೂರಿನ ಅಜ್ಜನ ಪಕ್ಷ. ಕಾರಣ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಬೇಕು ಎಂದುಕೊಳ್ಳಿ. ಯಾರೋ ಹೀಗೆ ಬರೆದು ಕೊಟ್ಟರು: ಟೈಪ್ “ಮಾವಿನಕಾಯಿ.” ಈಗ ಆ ಚುಕ್ಕಿಯನ್ನೂ ಟೈಪ್ ಮಾಡಬೇಕೋ, ಬೇಡವೋ? ಹೊರಗಿದ್ದರೆ ಈ ಅನುಮಾನವೇ ಇಲ್ಲ. ಆದರೆ ಮಕ್ಕಳೇ, ಪರೀಕ್ಷೆಯಲ್ಲಿ ನಿಮ್ಮ ಶಾಲೆಯಲ್ಲಿ ಹೇಳಿಕೊಟ್ಟ ಕ್ರಮವನ್ನೇ ಹಿಡಿಯಿರಿ. ಮೊದಲ ಪುಟದಲ್ಲಿ ಒಂದು, ಕೊನೆಯ ಪುಟದಲ್ಲಿ ಇನ್ನೊಂದು ಮಾಡಬೇಡಿ.

ಈರುಳ್ಳಿ ಅಂಗಡಿಯ ಬೋರ್ಡು

ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವುದು ನಿಮಗೆ ಗೊತ್ತು. ಒಂದು ಅಂಗಡಿಯವರು ಬೋರ್ಡ್ ಬರೆಸುತ್ತಾರೆ ಎಂದುಕೊಳ್ಳಿ: ಇಲ್ಲಿ “ತಾಜಾ” ಈರುಳ್ಳಿ ದೊರೆಯುತ್ತದೆ. ಬೋರ್ಡ್ ಬರೆಯುವವರಿಗೆ ಕೋಟ್ಸ್ ಎಂದರೆ ಒತ್ತು, ಅಲಂಕಾರ. ಇದು ಎಲ್ಲಿಂದ ಬಂತು ಎಂದರೆ, ಕನ್ನಡದಲ್ಲಿ ಎರಡು ಗುರುತಿವೆ. ಆಡಿದ ಮಾತಿಗೆ ಜೋಡಿ ಗುರುತು, ಅದು ಉದ್ಧರಣ ಚಿಹ್ನೆ. ವಿಶೇಷವಾದ ಒಂದು ಪದಕ್ಕೆ, ಪುಸ್ತಕದ ಹೆಸರಿಗೆ, ಬೇರೆ ಭಾಷೆಯ ಪದಕ್ಕೆ ಒಂಟಿ ಗುರುತು, ಅದು ವಾಕ್ಯವೇಷ್ಟನ ಚಿಹ್ನೆ. ಮನೆಯ ಹೆಸರು, ಮದುವೆ ಕರೆಯೋಲೆ, ಅಂಗಡಿ ಬೋರ್ಡುಗಳಲ್ಲಿ ಇವೆರಡೂ ಕಲಸಿಹೋಗಿವೆ.

ಆದರೆ ಇಂಗ್ಲಿಷ್ ಓದುವವರು “ಫ್ರೆಶ್” ಆನಿಯನ್ಸ್ ಎಂದು ಕೋಟ್ಸಿನೊಳಗೆ ಕಂಡರೆ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ತಾಜಾ ಅನ್ನುವುದು ಅಂಗಡಿಯವನ ಮಾತು, ನನ್ನದಲ್ಲ, ನನಗಂತೂ ನಂಬಿಕೆಯಿಲ್ಲ ಎಂದು. ನಾವು ತುಟಿ ಕೊಂಕಿಸಿ “ತಾಜಾ ಅಂತೆ!” ಅನ್ನುತ್ತೇವಲ್ಲ, ಹಾಗೆ. ಒಳ್ಳೆಯ ಈರುಳ್ಳಿಗೆ ಕೆಟ್ಟ ಹೆಸರು. ಆದ್ದರಿಂದ ಇಂಗ್ಲಿಷಿನಲ್ಲಿ ಒತ್ತು ಬೇಕಾದರೆ ಅಡಿಗೆರೆ ಎಳೆಯಿರಿ, ದಪ್ಪಗೆ ಬರೆಯಿರಿ. ಕೋಟ್ಸ್ ಹಾಕಬೇಡಿ.

ಒಂದು ಜೊತೆ ಗುರುತಿನ ಬೆಲೆ

ಅಜ್ಜ-ಅಜ್ಜಿಯರು ಅನ್ನಬಹುದು, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಪುರಾಣ ಯಾಕೆ, ಅರ್ಥವಾದರೆ ಸಾಲದೇ ಎಂದು. ಅರ್ಥವಾಗದೇ ಹೋದದ್ದೊಂದನ್ನು ಹೇಳುತ್ತೇನೆ. 1980ರ ದಶಕದ ಮಾತು. ನಮ್ಮ ಸೀಮೆಯ ಒಂದು ಶಾಖೆ.

ಗಂಡನನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು. ಓದು ಬರಹ ಇಲ್ಲ. ಗಂಡನ ಹೆಸರಿನಲ್ಲಿ ಸಣ್ಣದೊಂದು ಠೇವಣಿ ಇತ್ತು. ಯಾರ ಹೆಸರನ್ನೂ ನಾಮಿನಿಯಾಗಿ ಬರೆಸಿರಲಿಲ್ಲ. ಮೈದುನರು ಅಡ್ಡ ಬಂದರು. ಆಕೆ ಹೊರಗೆ ಅರ್ಜಿ ಬರೆದುಕೊಡುವವರೊಬ್ಬರ ಹತ್ತಿರ ಹೋಗಿ ತನ್ನ ಕಷ್ಟ ಹೇಳಿಕೊಂಡರು. “ನಿಂಗೇನೂ ಹಕ್ಕಿಲ್ಲ ಅಂತಾರೆ ಸ್ವಾಮಿ ನಮ್ಮ ಮೈದುನ್ರು. ಇದನ್ನ ಹೆಂಗಾದ್ರೂ ಇತ್ಯರ್ಥ ಮಾಡ್ಸಿ.” ಬರೆಯುವವರು ಅದನ್ನು ಕನ್ನಡದ ಜಾಡಿನಲ್ಲೇ ಇಂಗ್ಲಿಷಿಗೆ ಇಳಿಸಿದರು, ಒಂದು ಕಾಮಾ ಇಲ್ಲದೆ, ಒಂದು ಗುರುತು ಇಲ್ಲದೆ:

ಐ ಹ್ಯಾವ್ ನೋ ಕ್ಲೈಮ್ ಮೈ ಬ್ರದರ್ಸ್ ಇನ್ ಲಾ ಸೇ ಐ ರಿಕ್ವೆಸ್ಟ್ ಟು ಸೆಟಲ್ ದಿ ಮ್ಯಾಟರ್.

ಕೆಳಗೆ ಆಕೆಯ ಹೆಬ್ಬೆಟ್ಟು. ಅರ್ಜಿ ಮೇಲಿನ ಕಚೇರಿಗೆ ಹೋಯಿತು. ಅಲ್ಲಿ ಓದಿದವರು ಮೊದಲ ನಾಲ್ಕೈದು ಪದಕ್ಕೇ ನಿಂತರು. ನನಗೆ ಹಕ್ಕಿಲ್ಲ, ಎಂದು ಅರ್ಜಿದಾರಳೇ ಬರೆದುಕೊಟ್ಟಿದ್ದಾಳೆ ಎಂದು ಕಡತದಲ್ಲಿ ಟಿಪ್ಪಣಿ ಬಿತ್ತು. ಮೈದುನರ ಮಾತು ಆಕೆಯ ತಲೆಗೆ ಕಟ್ಟಿಕೊಂಡಿತು. ಕನ್ನಡದಲ್ಲಿ ಆಕೆ ‘ಅಂತಾರೆ’ ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಆ ‘ಅಂತಾರೆ’ಯ ಕೆಲಸ ಮಾಡಬೇಕಾದ ಗುರುತು ಇಂಗ್ಲಿಷಿನಲ್ಲಿ ಬೀಳಲೇ ಇಲ್ಲ.

ತಿಂಗಳುಗಟ್ಟಲೆ ಆಕೆ ಓಡಾಡಿದರು. ಕೊನೆಗೆ ಶಾಖೆಯ ಹಿರಿಯ ಗುಮಾಸ್ತರೊಬ್ಬರು ಕಡತ ತೆರೆದು ನೋಡಿ, ಆಕೆಯನ್ನು ಎದುರಿಗೆ ಕೂರಿಸಿಕೊಂಡು, “ಅಮ್ಮಾ, ನೀವು ಹೇಳಿದ್ದೇನು, ಅವರು ಹೇಳಿದ್ದೇನು, ಬೇರೆ ಬೇರೆ ಹೇಳಿ” ಎಂದರು. ಹೊಸ ಅರ್ಜಿ ಬರೆದರು:

ಮೈ ಬ್ರದರ್ಸ್-ಇನ್-ಲಾ ಸೇ, “ಯು ಹ್ಯಾವ್ ನೋ ಕ್ಲೈಮ್.” ಐ ಡು ನಾಟ್ ಅಗ್ರೀ.

ಬರೆದು, ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿದರು. ಬೇಕಾದ ಕಾಗದಪತ್ರ ಸೇರಿದ ಮೇಲೆ ದುಡ್ಡು ಆಕೆಯ ಕೈಗೆ ಬಂತು. ಮೊದಲ ಅರ್ಜಿಗೂ ಎರಡನೆಯದಕ್ಕೂ ಇದ್ದ ವ್ಯತ್ಯಾಸ ನೋಡಿ. ಒಂದು ಕಾಮಾ, ಒಂದು ಜೊತೆ ಗುರುತು, ‘ಐ’ ಇದ್ದ ಕಡೆ ‘ಯು’, ಆಮೇಲೆ ಆಕೆಯದೇ ಆದ ಒಂದು ಸಣ್ಣ ವಾಕ್ಯ. ಇಷ್ಟೇ. ಮಕ್ಕಳೇ, ನಾಳೆ ನಿಮ್ಮ ಮನೆಯ ಅಜ್ಜಿಯ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರು ನೀವೇ. ಅವರ ಮಾತು ನಿಮ್ಮ ಕೈಯಲ್ಲಿ ಠೇವಣಿ ಇರುತ್ತದೆ.

ಇದು ದೊಡ್ಡವರಿಗೂ ಅನ್ವಯಿಸುತ್ತದೆ. ವಾಟ್ಸಾಪಿನಲ್ಲಿ ದಿನ ಬೆಳಗಾದರೆ ಯಾರೋ ಮಹಾತ್ಮರ ಚಿತ್ರ, ಪಕ್ಕದಲ್ಲಿ ಕೋಟ್ಸಿನೊಳಗೆ ಒಂದು ನುಡಿಮುತ್ತು ಬರುತ್ತದೆ. ಕೋಟ್ಸ್ ಹಾಕಿದರೆಂದರೆ ಇದು ಅವರದೇ ಮಾತು, ಅಕ್ಷರ ಅಕ್ಷರವೂ ಅವರದು ಎಂದು ಮಾತು ಕೊಟ್ಟ ಹಾಗೆ. ಎಲ್ಲಿ ಹೇಳಿದರು, ಯಾವ ಪುಸ್ತಕದಲ್ಲಿದೆ ಎಂದು ತಿಳಿಯದೆ ಮುಂದಕ್ಕೆ ಕಳಿಸುವುದು, ನೋಟು ಅಸಲಿಯೋ ನಕಲಿಯೋ ನೋಡದೆ ಕೈ ಬದಲಾಯಿಸಿದಂತೆ. ಅನುಮಾನ ಬಂದರೆ ಕಳಿಸುವುದು ಬೇಡ. ಕಳಿಸಲೇಬೇಕೆಂದರೆ ಕೋಟ್ಸ್ ತೆಗೆದು ‘ಅಂತೆ’ ಸೇರಿಸಿ ಕಳಿಸಿ. ಕನ್ನಡ ಅಷ್ಟು ಅನುಕೂಲ ಮಾಡಿಕೊಟ್ಟಿದೆ.

ಈ ವಾರದ ಕೆಲಸ

ಇದು ಅಜ್ಜಿ-ಮೊಮ್ಮಕ್ಕಳು ಜೋಡಿಯಾಗಿ ಮಾಡುವ ಕೆಲಸ. ಅಜ್ಜಿ ತಮ್ಮ ಬಾಲ್ಯದ ಒಂದು ಸಣ್ಣ ಪ್ರಸಂಗ ಹೇಳಲಿ. ಅದರಲ್ಲಿ ಕಡಿಮೆಯೆಂದರೆ ಇಬ್ಬರು ಮಾತಾಡಿರಬೇಕು. ಮೊಮ್ಮಕ್ಕಳು ಅದನ್ನು ಮೊದಲು ಕನ್ನಡದಲ್ಲಿ ಬರೆಯಲಿ, ‘ಅಂತ’ ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಲಿ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಸುತ್ತು ಹಾಕಿದ ಒಂದೊಂದು ‘ಅಂತ’ಕ್ಕೂ ಒಂದೋ ಒಂದು ಜೊತೆ ಕೋಟ್ಸ್ ಬಂದಿರಬೇಕು, ಇಲ್ಲವೇ ಒಂದು ‘ದಟ್’ ಬಂದಿರಬೇಕು. ಎರಡೂ ಬಂದಿದ್ದರೆ ಒಂದನ್ನು ಹೊಡೆದುಹಾಕಿ. ಒಂದೂ ಬಂದಿರದಿದ್ದರೆ ಸರಿಮಾಡಿ. ಅಜ್ಜಿಗೆ ಇಂಗ್ಲಿಷ್ ಬರದಿದ್ದರೂ ಲೆಕ್ಕ ಹಾಕಲು ಬರುತ್ತದೆ, ಅವರೇ ಎಣಿಸಿ ನೋಡಲಿ.

ಕೊನೆಗೆ ಒಂದು ಒಗಟು. ಈ ವಾಕ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಲ ಬರೆದುಕೊಳ್ಳಿ:

ದಿ ಕ್ಲರ್ಕ್ ಸೆಡ್ ದಿ ಮ್ಯಾನೇಜರ್ ಈಸ್ ಸ್ಲೀಪಿಂಗ್

ಒಂದು ಪದವನ್ನೂ ಆಚೆ ಈಚೆ ಮಾಡಬಾರದು, ಸೇರಿಸಬಾರದು, ತೆಗೆಯಬಾರದು. ಕಾಮಾ, ಚುಕ್ಕಿ, ಕೋಟ್ಸ್ ಮಾತ್ರ ಹಾಕಬಹುದು. ಮೊದಲ ಸಲ ಮ್ಯಾನೇಜರು ನಿದ್ದೆ ಮಾಡುತ್ತಿರಬೇಕು. ಎರಡನೇ ಸಲ ಗುಮಾಸ್ತ ನಿದ್ದೆ ಮಾಡುತ್ತಿರಬೇಕು. ಪೋರ್ಟರನ ವಾಕ್ಯವನ್ನು ಇನ್ನೊಮ್ಮೆ ನೋಡಿದರೆ ದಾರಿ ಸಿಗುತ್ತದೆ. ಉತ್ತರ ಬರೆದು ಕಳಿಸಿ. ನಿಜವಾಗಿ ನಿದ್ದೆ ಮಾಡುತ್ತಿದ್ದವರು ಯಾರೆಂದು ಮಾತ್ರ ನನ್ನನ್ನು ಕೇಳಬೇಡಿ, ಅದು ನೀವು ಹಾಕುವ ಗುರುತಿಗೆ ಬಿಟ್ಟದ್ದು.